ಇನ್ನೂರು ಮೀಟರಿನ ಕೆಳಗಿನ ಬೀಳು

ಸೊಲ್ಲಾಪುರದಿಂದ ಪುಣೆಗೆ ರೈಲು ಹತ್ತಿದವರಿಗೆಲ್ಲ ದೌಂಡ್ ಜಂಕ್ಷನ್ ಗೊತ್ತು. ಮನಮಾಡದ ಕಡೆಯ ಹಳಿ ಬಂದು ಕೂಡುವ ಊರು. ಗಾಡಿ ತುಸು ಹೊತ್ತು ನಿಲ್ಲುತ್ತದೆ, ಚಹಾದವರು ಕಿಟಕಿಗೆ ಬರುತ್ತಾರೆ. ಇದೇ ದೌಂಡಿನಲ್ಲಿ 1927ರಲ್ಲಿ ಒಂದು ರೇಡಿಯೊ ಕೇಂದ್ರ ಕೆಲಸ ಶುರುಮಾಡಿತು. ಇಂಗ್ಲೆಂಡಿನಿಂದ ಹೊರಟ ಸಂದೇಶಗಳು ತಂತಿಯಿಲ್ಲದೆ ಅಲ್ಲಿಗೆ ಬಂದು ಇಳಿಯುತ್ತಿದ್ದವು. ಇಲ್ಲಿಂದ ಹೋಗಬೇಕಾದವು ಪುಣೆಯ ಪಕ್ಕದ ಖಡಕಿಯಿಂದ ಹೊರಡುತ್ತಿದ್ದವು. ವೈಸರಾಯ್ ಲಾರ್ಡ್ ಇರ್ವಿನ್ ಮತ್ತು ಐದನೇ ಜಾರ್ಜ್ ದೊರೆ ಪರಸ್ಪರ ಶುಭಾಶಯ ಕಳಿಸಿಕೊಂಡು ಆ ಸೇವೆಗೆ ಚಾಲನೆ ಕೊಟ್ಟರು. ಅದುವರೆಗೆ ಲಂಡನ್ನಿನ ಸುದ್ದಿ ಸಮುದ್ರದಡಿಯ ಕೇಬಲ್ಲನ್ನೋ, ದೇಶದಿಂದ ದೇಶ ದಾಟಿ ಬಂದ ತಂತಿಯನ್ನೋ ಹಿಡಿದೇ ಬರಬೇಕಾಗಿತ್ತು.

ದೌಂಡಿಗೆ ಆ ಸಂದೇಶಗಳನ್ನು ಹೊತ್ತು ತಂದದ್ದು ಶಾರ್ಟ್‌ವೇವ್ ಅಲೆಗಳು. ಅದಕ್ಕೂ ಹತ್ತು ವರ್ಷ ಮೊದಲು ಯಾವ ರೇಡಿಯೊ ಎಂಜಿನಿಯರನ್ನು ಕೇಳಿದ್ದರೂ, ಇಷ್ಟು ಗಿಡ್ಡ ಅಲೆಗಳು ದೂರ ಹೋಗಲಾರವು, ಇವುಗಳಿಂದ ಪ್ರಯೋಜನವಿಲ್ಲ ಎಂದೇ ಹೇಳುತ್ತಿದ್ದರು. ಆ ಮಾತು ತಪ್ಪೆಂದು ತೋರಿಸಿದ್ದು ಯಾವ ಕಂಪನಿಯೂ ಅಲ್ಲ, ಯಾವ ಸರಕಾರವೂ ಅಲ್ಲ. ಸಂಬಳವಿಲ್ಲದೆ, ಮನೆಯ ಮೂಲೆಯಲ್ಲಿ ಕೂತು, ರಾತ್ರಿ ನಿದ್ದೆಗೆಟ್ಟು ಕಿವಿಗೆ ಹೆಡ್‌ಫೋನ್ ಹಾಕಿಕೊಂಡವರು ಅದನ್ನು ಕಂಡುಹಿಡಿದರು. ಇವತ್ತು ಹ್ಯಾಮ್ ರೇಡಿಯೊ ಎಂದು ಕರೆಯುವ ಹವ್ಯಾಸದ ಮೊದಲ ತಲೆಮಾರು ಅದು.

ಆಗಿನ ತಜ್ಞರು ಹಾಗೆ ನಂಬಿದ್ದಕ್ಕೆ ಕಾರಣವಿತ್ತು. 1901ರ ಡಿಸೆಂಬರ್ 12ರಂದು ಮಾರ್ಕೋನಿ ಇಂಗ್ಲೆಂಡಿನ ಪೋಲ್ಡುವಿನಿಂದ ಹೊರಟ ಸಂಕೇತವನ್ನು ಅಟ್ಲಾಂಟಿಕ್ ಸಾಗರದಾಚೆಯ ನ್ಯೂಫೌಂಡ್‌ಲ್ಯಾಂಡಿನಲ್ಲಿ ಕೇಳಿದ ಮೇಲೆ, ದೂರ ಹೋಗಬೇಕಾದರೆ ಅಲೆ ಉದ್ದವಿರಬೇಕು ಎಂಬ ದಾರಿಯಲ್ಲೇ ಕಂಪನಿಗಳು ನಡೆದವು. ಅಲೆಯ ಉದ್ದ ಸಾವಿರಾರು ಮೀಟರಿಗೆ ಏರಿತು. ಅದಕ್ಕೆ ತಕ್ಕಂತೆ ಆಂಟೆನಾ ಬೆಳೆಯಿತು, ಖರ್ಚೂ ಬೆಳೆಯಿತು. ಅಮೆರಿಕದ ನೌಕಾಪಡೆಗಾಗಿ ಆಸ್ಟಿನ್ ಮತ್ತು ಕೋಹೆನ್ ಎಂಬುವರು ಕಡಲ ಮೇಲೆ ಅಳತೆ ಮಾಡಿ ಒಂದು ಸೂತ್ರ ಕೊಟ್ಟರು: ಅಲೆ ಉದ್ದವಾದಷ್ಟೂ ದಾರಿಯಲ್ಲಿ ಸೋರಿಹೋಗುವ ಶಕ್ತಿ ಕಡಿಮೆ. ಅವರು ಅಳೆದ ಅಲೆಗಳ ಮಟ್ಟಿಗೆ ಅದು ಸರಿಯಾದ ಸೂತ್ರ. ಅಳೆಯದೇ ಬಿಟ್ಟ ಗಿಡ್ಡ ಅಲೆಗಳಿಗೂ ಅದನ್ನೇ ಎಳೆದದ್ದು ಉಳಿದವರ ಕೆಲಸ. ವಿಜ್ಞಾನದಲ್ಲಿ ಇಂಥ ಎಳೆದಾಟದ ಬೆಲೆ ದೊಡ್ಡದು, ಏಕೆಂದರೆ ಸೂತ್ರ ಕೈಯಲ್ಲಿದ್ದಾಗ ಕಿವಿಗೊಟ್ಟು ನೋಡುವ ತೊಂದರೆ ಯಾರೂ ತೆಗೆದುಕೊಳ್ಳುವುದಿಲ್ಲ.

1912ರ ಏಪ್ರಿಲಿನಲ್ಲಿ ಟೈಟಾನಿಕ್ ಮುಳುಗಿತು. ಅದೇ ಆಗಸ್ಟಿನಲ್ಲಿ ಅಮೆರಿಕ ರೇಡಿಯೊ ಕಾಯ್ದೆ ತಂದಿತು. ಹವ್ಯಾಸಿಗಳು ಹಡಗುಗಳ ಮತ್ತು ನೌಕಾಪಡೆಯ ಮಾತಿಗೆ ಅಡ್ಡಬರುತ್ತಾರೆ ಎಂಬ ದೂರು ಮೊದಲೇ ಇತ್ತು. ಕಾಯ್ದೆ ಅವರನ್ನು 200 ಮೀಟರ್ ಮತ್ತು ಅದಕ್ಕಿಂತ ಗಿಡ್ಡ ಅಲೆಗಳಿಗೆ ತಳ್ಳಿತು. ನಮ್ಮ ಕಡೆ ಊರಿನ ಎರೆಹೊಲವೆಲ್ಲ ದೊಡ್ಡವರ ಪಾಲಾದ ಮೇಲೆ ಉಳಿದವರಿಗೆ ಕಲ್ಲುಬೀಳು ತೋರಿಸುತ್ತಿದ್ದರಲ್ಲ, ಹಾಗೆ. ಅಲ್ಲಿ ಏನೂ ಬೆಳೆಯದು, ತಾವಾಗಿಯೇ ಬೇಸತ್ತು ಬಿಟ್ಟುಹೋಗುತ್ತಾರೆ ಎಂಬ ಲೆಕ್ಕಾಚಾರ ಇದ್ದಿರಲೂಬಹುದು.

ಅವರು ಬಿಟ್ಟುಹೋಗಲಿಲ್ಲ. 1914ರಲ್ಲಿ ಹಾರ್ಟ್‌ಫರ್ಡ್ ಎಂಬ ಊರಿನಲ್ಲಿ ಹೈರಮ್ ಪರ್ಸಿ ಮ್ಯಾಕ್ಸಿಮ್ ಒಂದು ಸಂಘ ಕಟ್ಟಿದ. ಒಬ್ಬನ ಸಂಕೇತ ಮುಟ್ಟದ ದೂರಕ್ಕೆ ನಡುವಿನವನು ಕೇಳಿಸಿಕೊಂಡು ಮುಂದಕ್ಕೆ ದಾಟಿಸಬೇಕು. ಹೀಗೆ ಕೈಯಿಂದ ಕೈಗೆ ಸಂದೇಶ ದೇಶ ದಾಟಬೇಕು. ಮೊದಲ ಮಹಾಯುದ್ಧ ಬಂದು ಎಲ್ಲರ ಟ್ರಾನ್ಸ್‌ಮಿಟರ್‌ಗಳೂ ಮುಚ್ಚಿದವು. ಯುದ್ಧ ಮುಗಿದು ಮತ್ತೆ ತೆರೆದಾಗ ಕಿಡಿ ಹಾರಿಸುವ ಹಳೆಯ ಯಂತ್ರಗಳ ಜಾಗಕ್ಕೆ ವಾಲ್ವ್ ಬಂದಿತ್ತು. ರಿಸೀವರ್‌ಗಳ ಕಿವಿ ಚುರುಕಾಗಿತ್ತು. ಇನ್ನೂರು ಮೀಟರಿನಲ್ಲಿಯೇ ಸಾಗರ ದಾಟಿ ನೋಡೋಣ ಎಂಬ ಆಸೆ ಹುಟ್ಟಿದ್ದು ಆಗ.

1921ರ ಫೆಬ್ರವರಿಯಲ್ಲಿ ಮೊದಲ ಪ್ರಯತ್ನ ಆಯಿತು. ಅಮೆರಿಕದವರು ಕಳಿಸಿದರು, ಬ್ರಿಟನ್ನಿನವರು ಕೇಳಿದರು, ಯಾರಿಗೂ ಏನೂ ಸಿಗಲಿಲ್ಲ. ಸೂತ್ರವನ್ನು ನಂಬಿದವರಿಗೆ ಇದು ನಿರೀಕ್ಷಿತವೇ. ಆದರೆ ಸಂಘದವರು ಬೇರೆ ಪ್ರಶ್ನೆ ಕೇಳಿಕೊಂಡರು: ಅಲೆ ಮುಟ್ಟಲಿಲ್ಲವೋ, ಮುಟ್ಟಿದ್ದು ಕೇಳಿಸಲಿಲ್ಲವೋ? ಇದನ್ನು ಬಗೆಹರಿಸಲು ಪಾಲ್ ಗಾಡ್ಲಿ ಎಂಬ ನುರಿತ ರಿಸೀವರ್ ತಯಾರಕನನ್ನೇ ಹಡಗು ಹತ್ತಿಸಿ ಬ್ರಿಟನ್ನಿಗೆ ಕಳಿಸಿದರು.

ಗಾಡ್ಲಿ ಸ್ಕಾಟ್ಲೆಂಡಿನ ಪಶ್ಚಿಮ ತೀರದ ಆರ್ಡ್ರೊಸನ್ ಎಂಬಲ್ಲಿ, ಡಿಸೆಂಬರಿನ ಚಳಿಮಳೆಯಲ್ಲಿ, ಕಡಲ ಪಕ್ಕದ ಒದ್ದೆ ಹೊಲದಲ್ಲಿ ಗುಡಾರ ಹಾಕಿದ. ಎಡ್ವಿನ್ ಆರ್ಮ್‌ಸ್ಟ್ರಾಂಗ್ ಆಗಷ್ಟೇ ರೂಪಿಸಿದ್ದ ಸೂಪರ್‌ಹೆಟ್ ಬಗೆಯ ರಿಸೀವರ್ ಅವನ ಜೊತೆಗಿತ್ತು. ಆಂಟೆನಾ ಎಂದರೆ ನೆಲದಿಂದ ಸ್ವಲ್ಪ ಎತ್ತರಕ್ಕೆ, ಅಮೆರಿಕದ ದಿಕ್ಕಿಗೆ ಸರಿಯಾಗಿ, ಗೂಟದಿಂದ ಗೂಟಕ್ಕೆ ಎಳೆದ ಸಾವಿರ ಅಡಿಗೂ ಮಿಕ್ಕಿದ ಒಂದೇ ತಂತಿ. ಸಾಕ್ಷಿಗೆಂದು ಮಾರ್ಕೋನಿ ಕಂಪನಿಯ ಒಬ್ಬ ಇನ್ಸ್‌ಪೆಕ್ಟರ್ ಪಕ್ಕದಲ್ಲಿ ಕೂತಿದ್ದ. ಗುಡಾರದೊಳಗೂ ಬೆರಳು ಮರಗಟ್ಟುವ ಥಂಡಿ. ಡಿಸೆಂಬರ್ 9ರ ನಸುಕಿನಲ್ಲಿಯೇ ಒಂದು ಅಮೆರಿಕನ್ ಸಂಕೇತ ಕಿವಿಗೆ ಬಿತ್ತು. ಮುಂದೆ ಡಿಸೆಂಬರ್ 12ರ ನಸುಕಿನಲ್ಲಿ, ಕನೆಕ್ಟಿಕಟ್ಟಿನ ಗ್ರೀನಿಚ್ಚಿನಲ್ಲಿ ಆರ್ಮ್‌ಸ್ಟ್ರಾಂಗನೂ ಅವನ ಗೆಳೆಯರೂ ಕೂಡಿ ಕಟ್ಟಿದ 1ಬಿಸಿಜಿ ಎಂಬ ಕೇಂದ್ರದಿಂದ ಒಂದು ಪೂರ್ತಿ ಸಂದೇಶವೇ ಬಂತು. ಮಾರ್ಕೋನಿಯ ನ್ಯೂಫೌಂಡ್‌ಲ್ಯಾಂಡ್ ಪ್ರಯೋಗಕ್ಕೆ ಅಂದಿಗೆ ಸರಿಯಾಗಿ 20 ವರ್ಷ. ಆ ಕೆಲವು ರಾತ್ರಿಗಳಲ್ಲಿ ಗಾಡ್ಲಿ ಬರೆದಿಟ್ಟ ಅಮೆರಿಕನ್ ಕೇಂದ್ರಗಳ ಪಟ್ಟಿ ಉದ್ದವಾಯಿತು, ಬ್ರಿಟನ್ನಿನ ಕೆಲವು ಹವ್ಯಾಸಿಗಳಿಗೂ ಅವು ತಮ್ಮ ಮನೆಯಲ್ಲೇ ಕೇಳಿಸಿದವು. ಇನ್ನೂರು ಮೀಟರಿನ ಅಲೆ ಸಾಗರ ದಾಟಿತ್ತು. ಅಲೆಯಲ್ಲಿ ಕೊರತೆ ಇರಲಿಲ್ಲ, ಕೇಳುವುದರಲ್ಲಿ ಇತ್ತು.

ಇಲ್ಲಿಗೆ ನಿಂತಿದ್ದರೆ ಇದೊಂದು ದಾಖಲೆಯಾಗಿ ಉಳಿಯುತ್ತಿತ್ತು. ಅವರು ಇನ್ನೂ ಕೆಳಗಿಳಿದರು. 150 ಮೀಟರ್, 130, 100. ಸೂತ್ರದ ಪ್ರಕಾರ ಪ್ರತಿ ಮೆಟ್ಟಿಲಿಗೂ ಸಂಕೇತ ಕುಗ್ಗಬೇಕಾಗಿತ್ತು. ಲಾಗ್ ಬುಕ್‌ಗಳು ಬೇರೆಯೇ ಹೇಳುತ್ತಿದ್ದವು. ಫ್ರಾನ್ಸಿನ ನೀಸ್ ನಗರದ ಲಿಯಾನ್ ದೆಲ್ವಾ 1923ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನವರ ಯಂತ್ರಗಳನ್ನು ನೋಡಿಕೊಂಡು ಬಂದ. ಮರಳಿದ ಮೇಲೆ, ನೂರು ಮೀಟರಿನಲ್ಲಿ ಕರೆಯುತ್ತೇನೆ, ಕೇಳುತ್ತಿರಿ ಎಂದು ಕೇಬಲ್ ಕಳಿಸಿದ. ಹಾರ್ಟ್‌ಫರ್ಡಿನಲ್ಲಿ ಫ್ರೆಡ್ ಶ್ನೆಲ್ ಆ ಅಲೆಯಲ್ಲಿ ಉತ್ತರಿಸಲು ಸರಕಾರದಿಂದ ವಿಶೇಷ ಅನುಮತಿ ತೆಗೆದುಕೊಂಡು ಕಾದು ಕೂತ. ನವೆಂಬರ್ 28ರಂದು ಇಬ್ಬರೂ ಸಾಗರದ ಎರಡು ದಡಗಳಿಂದ ನೇರವಾಗಿ ಮಾತಾಡಿದರು. ಜಾನ್ ರೈನಾರ್ಟ್ಸ್ ಎಂಬ ಮೂರನೆಯ ಹವ್ಯಾಸಿಯೂ ಸೇರಿಕೊಂಡ. ಕಂಪನಿಗಳ ದೊಡ್ಡ ಕೇಂದ್ರಗಳು ನೂರಾರು ಕಿಲೋವ್ಯಾಟ್ ಸುಟ್ಟು ಮಾಡುತ್ತಿದ್ದ ಕೆಲಸವನ್ನು ಇವರು ಕೆಲವು ನೂರು ವ್ಯಾಟ್‌ಗಳಲ್ಲಿ ಮಾಡಿ ಮುಗಿಸಿದ್ದರು.

ಅದೇ ವರ್ಷ ಮಾರ್ಕೋನಿಯೂ ತನ್ನ ಎಲೆಟ್ರಾ ಹಡಗಿನಲ್ಲಿ ಕೂತು 97 ಮೀಟರಿನ ಅಲೆಯನ್ನು ದೂರದೂರಕ್ಕೆ ಕೇಳುತ್ತ ಹೋಗಿದ್ದ ಎಂಬುದನ್ನೂ ಹೇಳಬೇಕು. ಎಂಜಿನಿಯರ್ ಫ್ರಾಂಕ್ಲಿನ್ ಜೊತೆಗೂಡಿ ಅವನು ಕಟ್ಟಿದ್ದು ಅಲೆಯನ್ನು ಒಂದೇ ದಿಕ್ಕಿಗೆ ಹಾಯಿಸುವ ಬೀಮ್ ಆಂಟೆನಾ. 1924ರ ಜುಲೈಯಲ್ಲಿ ಬ್ರಿಟಿಷ್ ಸರಕಾರ ಅವನ ಕಂಪನಿಯೊಂದಿಗೆ ಬೀಮ್ ಕೇಂದ್ರಗಳಿಗಾಗಿ ಒಪ್ಪಂದ ಮಾಡಿಕೊಂಡಿತು. ಸಾಮ್ರಾಜ್ಯದುದ್ದಕ್ಕೂ ಉದ್ದಲೆಯ ದೈತ್ಯ ಕೇಂದ್ರಗಳನ್ನು ಕಟ್ಟುವ ಹಳೆಯ ಯೋಜನೆ ಹಿಂದೆ ಸರಿಯಿತು. ದೌಂಡ್ ಮತ್ತು ಖಡಕಿ ಆ ಒಪ್ಪಂದದ ದಾರಿಯಲ್ಲೇ ಬಂದವು. ಮಾರ್ಕೋನಿಯ ಕೊಡುಗೆ ದೊಡ್ಡದು. ಆದರೆ ಬೀಳಿನಲ್ಲಿ ಮೊದಲು ಕಾಲಿಟ್ಟು, ಅಲ್ಲಿ ನೀರಿದೆ ಎಂದು ಜಗತ್ತಿಗೆ ಗೊತ್ತುಮಾಡಿದವರು ಹವ್ಯಾಸಿಗಳು.

ಇಡೀ ಕತೆಯಲ್ಲಿ ನನಗೆ ಅತಿ ಪ್ರಿಯವಾದ ಭಾಗ ಮುಂದಿನದು. ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಶಾಗ್ ಕಣಿವೆಯಲ್ಲಿ ಬೆಲ್ ಮನೆತನದ ಕುರಿ ಫಾರ್ಮ್ ಇತ್ತು. ಮಗ ಫ್ರಾಂಕ್ ಮಹಾಯುದ್ಧಕ್ಕೆ ಹೋಗಿ ಆರೋಗ್ಯ ಕೆಡಿಸಿಕೊಂಡು ಊರಿಗೆ ಮರಳಿ ರೇಡಿಯೊ ಹಿಡಿದ. ಅಕ್ಕ ಬ್ರೆಂಡಾ ಕೂಡ ಅದರಲ್ಲಿ ಪಳಗಿದಳು, ಮುಂದೆ ಅದೇ ಕೇಂದ್ರವನ್ನು ತಾನೇ ನಡೆಸಿದಳು. ಇತ್ತ ಲಂಡನ್ನಿನ ಮಿಲ್ ಹಿಲ್ ಶಾಲೆಯಲ್ಲಿ ಸೆಸಿಲ್ ಗಾಯ್ಡರ್ ಎಂಬ 18ರ ಹುಡುಗ ಶಾಲೆಯ ರೇಡಿಯೊ ಕೇಂದ್ರದಲ್ಲಿ ಕೂತಿದ್ದ. 1924ರ ಅಕ್ಟೋಬರ್ 18. ಲಂಡನ್ನಿನಲ್ಲಿ ಬೆಳಕು ಹರಿಯುವ ಹೊತ್ತು, ಶಾಗ್ ಕಣಿವೆಯಲ್ಲಿ ಸಂಜೆ. ಭೂಗೋಳದಲ್ಲಿ ಒಂದಕ್ಕೊಂದು ಬಹುತೇಕ ಬೆನ್ನು ಹಾಕಿ ಕೂತ ಎರಡು ಜಾಗಗಳು. ನಡುವೆ 18,000 ಕಿಲೋಮೀಟರಿಗೂ ಹೆಚ್ಚು ದೂರ. ಬೆಲ್ ಕರೆದ, ಗಾಯ್ಡರ್ ಉತ್ತರಿಸಿದ, ಇಬ್ಬರೂ ಮೋರ್ಸ್‌ನಲ್ಲಿ ಒಂದು ಗಂಟೆಗೂ ಮಿಕ್ಕಿ ಮಾತಾಡಿದರು. ಈ ಭೂಮಿಯ ಮೇಲೆ ಅದಕ್ಕಿಂತ ಬಹಳ ದೂರ ಮಾತಾಡಲು ಜಾಗವೇ ಇಲ್ಲ.

ಗಮನಿಸಬೇಕಾದದ್ದು ತಾರೀಖು. ಅಲೆಗಳು ಭೂಮಿಯ ಬಾಗನ್ನು ದಾಟಿ ಹೋಗುವುದು ಹೇಗೆ ಎಂಬುದಕ್ಕೆ ಕೆನಲಿ ಮತ್ತು ಹೆವಿಸೈಡ್ 1902ರಲ್ಲಿಯೇ ಒಂದು ಊಹೆ ಮುಂದಿಟ್ಟಿದ್ದರು: ಮೇಲೆ ಎಲ್ಲೋ ವಿದ್ಯುತ್ ಹರಿಯಬಲ್ಲ ಗಾಳಿಯ ಪದರವಿದೆ, ಅಲೆ ಅದಕ್ಕೆ ತಾಗಿ ಕೆಳಗೆ ಬಾಗುತ್ತದೆ. ಅದು ಇದೆ ಎಂದು ಅಳೆದು ತೋರಿಸಿದವರು ಎಡ್ವರ್ಡ್ ಆಪಲ್ಟನ್ ಮತ್ತು ಮೈಲ್ಸ್ ಬಾರ್ನೆಟ್, 1924ರ ಡಿಸೆಂಬರಿನಲ್ಲಿ. ಬಿಬಿಸಿಯ ಬೋರ್ನ್‌ಮತ್ ಕೇಂದ್ರ ನಡುರಾತ್ರಿ ಕಾರ್ಯಕ್ರಮ ಮುಗಿಸಿದ ಮೇಲೆ ಅದರ ಅಲೆಯುದ್ದವನ್ನು ನಿಧಾನವಾಗಿ ಬದಲಿಸುತ್ತ, ಆಕ್ಸ್‌ಫರ್ಡಿನಲ್ಲಿ ಕೂತು ನೆಲದ ದಾರಿಯಿಂದ ಬಂದ ಅಲೆಯೂ ಆಕಾಶದಿಂದ ಇಳಿದ ಅಲೆಯೂ ಒಂದಕ್ಕೊಂದು ಕೂಡುವ, ಕಳೆಯುವ ಏರಿಳಿತ ಎಣಿಸಿದರು. ಪದರ ಸುಮಾರು 100 ಕಿಲೋಮೀಟರ್ ಎತ್ತರದಲ್ಲಿದೆ ಎಂದು ಗೊತ್ತಾಯಿತು. ಮುಂದೆ ಆಪಲ್ಟನ್ ಅದರ ಮೇಲೆ, 200 ಕಿಲೋಮೀಟರಿಗೂ ಎತ್ತರದಲ್ಲಿ, ಇನ್ನೊಂದು ಪದರ ಕಂಡ. 1947ರಲ್ಲಿ ಅವನಿಗೆ ನೊಬೆಲ್ ಬಂತು. ಅದೇ ವರ್ಷ ಕಲ್ಕತ್ತೆಯಲ್ಲಿ ಶಿಶಿರ್ ಕುಮಾರ್ ಮಿತ್ರರ ಮೇಲ್ವಾಯುಮಂಡಲದ ಗ್ರಂಥ ಹೊರಬಂದು, ಈ ಶಾಸ್ತ್ರದ ವಿದ್ಯಾರ್ಥಿಗಳಿಗೆ ಬಹುಕಾಲ ಆಧಾರವಾಯಿತು. ಶಾಲೆಯ ಹುಡುಗ ನ್ಯೂಜಿಲೆಂಡ್ ಮುಟ್ಟಿದ್ದು ಮಾತ್ರ ಆಪಲ್ಟನ್ನನ ಅಳತೆಗೆ ಎರಡು ತಿಂಗಳು ಮೊದಲು. ಮೊದಲು ಕೇಳಿಸಿತು, ಆಮೇಲೆ ಅರ್ಥವಾಯಿತು.

ಕೇಳಿಸದೇ ಇದ್ದದ್ದೂ ಅಷ್ಟೇ ಮುಖ್ಯವಾಗಿತ್ತು. ಗಿಡ್ಡ ಅಲೆಗಳಿಗೆ ಇಳಿದ ಹವ್ಯಾಸಿಗಳು ಒಂದು ವಿಚಿತ್ರ ಗುರುತಿಸಿದರು: ಮೂವತ್ತು ನಲವತ್ತು ಕಿಲೋಮೀಟರ್ ಒಳಗಿನವರಿಗೆ ಸಂಕೇತ ಕೇಳುತ್ತದೆ, ಸಾವಿರಾರು ಕಿಲೋಮೀಟರ್ ಆಚೆಯವರಿಗೂ ಕೇಳುತ್ತದೆ, ನಡುವಿನವರಿಗೆ ಏನೂ ಇಲ್ಲ. ರೈನಾರ್ಟ್ಸ್ 1925ರಲ್ಲಿ ಸಂಘದ ಪತ್ರಿಕೆಯಾದ ಕ್ಯೂಎಸ್‌ಟಿಯಲ್ಲಿ ಈ ಕುರಿತು ಬರೆದ. ಅಮೆರಿಕದ ನೌಕಾ ಸಂಶೋಧನಾಲಯದ ಟೇಲರ್ ಮತ್ತು ಹಲ್ಬರ್ಟ್, ಹವ್ಯಾಸಿಗಳು ಕೂಡಿಹಾಕಿದ ಇಂಥ ದಾಖಲೆಗಳನ್ನೂ ಬಳಸಿ ಲೆಕ್ಕ ಕಟ್ಟಿದರು. ಓರೆಯಾಗಿ ಮೇಲೇರಿದ ಅಲೆ ಬಾಗಿ ದೂರದಲ್ಲಿ ಇಳಿಯುತ್ತದೆ. ನೇರ ಮೇಲೇರಿದ್ದು ಪದರವನ್ನು ತೂರಿ ಹೊರಗೆ ಹೋಗಿಬಿಡುತ್ತದೆ. ನಡುವಿನ ಖಾಲಿ ಜಾಗ ಅದರಿಂದಲೇ ಹುಟ್ಟುತ್ತದೆ.

ಈ ಖಾಲಿ ಜಾಗವನ್ನು ಅಕ್ಕಲಕೋಟೆಯಲ್ಲಿ ಕೂತು ಯಾರು ಬೇಕಾದರೂ ಪರೀಕ್ಷಿಸಬಹುದು. ಅಲ್ಲಿಂದ ಕಲಬುರಗಿ ಹಕ್ಕಿ ಹಾರುವ ದಾರಿಯಲ್ಲಿ 70 ಕಿಲೋಮೀಟರ್ ಆಸುಪಾಸು. 14 ಮೆಗಾಹರ್ಟ್ಸ್‌ನಲ್ಲಿ, ಅಂದರೆ 20 ಮೀಟರ್ ಬ್ಯಾಂಡಿನಲ್ಲಿ, ಸಂಜೆ ಯುರೋಪಿನವರು ಸ್ಪಷ್ಟವಾಗಿ ಬರುತ್ತಾರೆ, ಪಕ್ಕದ ಊರಿನವರು ಬರುವುದಿಲ್ಲ. ಹೊಸದಾಗಿ ರಿಸೀವರ್ ಹಿಡಿದ ಹುಡುಗನಿಗೆ ಇದು ದೊಡ್ಡ ಗೊಂದಲ.

“ಏನ್ರೀ ಅಣ್ಣಾರ, ಜರ್ಮನಿ ಕೇಳಸ್ತದ, ಕಲಬುರಗಿ ಕೇಳಸವಲ್ದಲ್ಲ?”

“ಕಲಬುರಗಿ ಬೇಕಂದ್ರ ನಲವತ್ತು ಮೀಟರಿಗೆ ಬಾರೋ ತಮ್ಮಾ. ವಯರ್ ಭಾಳ ಮ್ಯಾಲ ಕಟ್ಟಬ್ಯಾಡ.”

ಅಣ್ಣನ ಉತ್ತರದಲ್ಲಿ ಶಾಸ್ತ್ರವೆಲ್ಲ ಇದೆ. 7 ಮೆಗಾಹರ್ಟ್ಸ್‌ನ ಅಲೆ ಹಗಲಿನಲ್ಲಿ ನೇರ ಮೇಲೇರಿದರೂ ಪದರವನ್ನು ತೂರುವುದಿಲ್ಲ, ಮರಳಿ ಸುತ್ತಲ ಕೆಲವು ನೂರು ಕಿಲೋಮೀಟರಿನಲ್ಲಿ ಇಳಿಯುತ್ತದೆ. ಆಂಟೆನಾ ತಗ್ಗಿನಲ್ಲಿದ್ದಷ್ಟೂ ಅಲೆ ನೆತ್ತಿಯ ಮೇಲಕ್ಕೆ ಹೋಗುತ್ತದೆ. ಬೇವಿನ ಮರದಿಂದ ಮನೆಯ ಮಾಳಿಗೆಗೆ ಒಟ್ಟು 20 ಮೀಟರ್ ತಾಮ್ರದ ತಂತಿ ಎಳೆದು ನಡುವೆ ಕತ್ತರಿಸಿ ಕೇಬಲ್ ಇಳಿಸಿದರೆ ಡೈಪೋಲ್ ಆಯಿತು. ಅಷ್ಟರಲ್ಲಿ ವಿಜಯಪುರ, ಕಲಬುರಗಿ, ಹೈದರಾಬಾದ್, ಪುಣೆ ಎಲ್ಲ ಸಿಗುತ್ತವೆ. ದೇಶದ ಹವ್ಯಾಸಿಗಳು ಬೆಳಿಗ್ಗೆ ಒಟ್ಟುಗೂಡಿ ಹಾಜರಿ ಕೂಗುವುದು ಬಹುಮಟ್ಟಿಗೆ ಈ ಬ್ಯಾಂಡಿನಲ್ಲೇ. ಹೆಸರಿಗಿಂತ ಕಾಲ್ ಸೈನ್ ಮೊದಲು, ಆಮೇಲೆ ಸಂಕೇತದ ಬಲ ಎಷ್ಟಿದೆ ಎಂಬ ವರದಿ, ಆಮೇಲೆ ಊರಿನ ಮಳೆಬೆಳೆ, ಹೊಸದಾಗಿ ಕಟ್ಟಿದ ಆಂಟೆನಾದ ಸುದ್ದಿ.

ಸೊಲ್ಲಾಪುರ ಪೇಟೆಯಲ್ಲಿ ಕೇಳುವುದಕ್ಕೂ ಅಕ್ಕಲಕೋಟೆ ತಾಲೂಕಿನ ಹಳ್ಳಿಯಲ್ಲಿ ಕೇಳುವುದಕ್ಕೂ ಬಹಳ ಅಂತರ. ಪೇಟೆಯಲ್ಲಿ ಮೋಟಾರುಗಳು, ಅಗ್ಗದ ಎಲ್‌ಇಡಿ ದೀಪಗಳು, ಮೊಬೈಲ್ ಚಾರ್ಜರ್‌ಗಳು ಎಲ್ಲ ಸೇರಿ ಬ್ಯಾಂಡಿನ ತುಂಬ ಗೊರಗೊರ ಎನ್ನಿಸುತ್ತವೆ. ದೂರದ ಸಣ್ಣ ಸಂಕೇತ ಅದರಡಿ ಹೂತುಹೋಗುತ್ತದೆ. ಹಳ್ಳಿಯಲ್ಲಿ ಕರೆಂಟು ಹೋದ ಹೊತ್ತು ನೋಡಬೇಕು. ಇಡೀ ಊರಿನ ಗದ್ದಲ ಒಮ್ಮೆಲೇ ಇಳಿಯುತ್ತದೆ, 12 ವೋಲ್ಟಿನ ಬ್ಯಾಟರಿಯ ಮೇಲೆ ರೇಡಿಯೊ ನಡೆಯುತ್ತಿರುತ್ತದೆ, ಅದುವರೆಗೆ ಇಲ್ಲವೇ ಇಲ್ಲ ಎಂದುಕೊಂಡಿದ್ದ ಕೇಂದ್ರಗಳು ಒಂದೊಂದಾಗಿ ಏಳುತ್ತವೆ. ಲೋಡ್ ಶೆಡ್ಡಿಂಗ್ ಬೇಕು ಎಂದು ಯಾರೂ ಬಯಸುವುದಿಲ್ಲ. ಆದರೂ ಗಾಡ್ಲಿ ಏಕೆ ಊರು ಬಿಟ್ಟು ಕಡಲ ಪಕ್ಕದ ಹೊಲದಲ್ಲಿ ಗುಡಾರ ಹಾಕಿದ ಎಂಬುದು ಆ ಹೊತ್ತಿನಲ್ಲಿ ಚೆನ್ನಾಗಿ ಮನದಟ್ಟಾಗುತ್ತದೆ.

ಬೆಲ್ ಮತ್ತು ಗಾಯ್ಡರ್‌ಗೆ ಸಿಕ್ಕ ಆ ಬೆಳಗು-ಸಂಜೆಯ ಹೊತ್ತು ಕೂಡ ಇಲ್ಲಿ ಹಾಗೆಯೇ ಕೆಲಸ ಮಾಡುತ್ತದೆ. ಹಗಲಿನಲ್ಲಿ ಎಲ್ಲಕ್ಕಿಂತ ಕೆಳಗಿನ ಡಿ ಎಂಬ ಪದರ ಉದ್ದನೆಯ ಅಲೆಗಳನ್ನು ಹೀರಿಬಿಡುತ್ತದೆ. ಸೂರ್ಯ ಮುಳುಗಿದೊಡನೆ ಅದು ಕರಗುತ್ತದೆ, ಮೇಲಿನ ಪದರ ಮಾತ್ರ ಉಳಿಯುತ್ತದೆ. ರಾತ್ರಿಯಾದರೆ ದೂರದ ಮೀಡಿಯಂ ವೇವ್ ಸ್ಟೇಶನ್ ತಾನಾಗಿಯೇ ಬರುತ್ತದೆ ಎಂದು ನಮ್ಮ ಹಿರಿಯರಿಗೆ ಗೊತ್ತಿತ್ತು; ಕಾರಣ ಇದೇ. ಒಂದು ತುದಿಯಲ್ಲಿ ಮುಂಜಾವು, ಇನ್ನೊಂದು ತುದಿಯಲ್ಲಿ ಮುಸ್ಸಂಜೆ ಇದ್ದರೆ ಎರಡೂ ಕಡೆ ಹೀರುವ ಪದರ ತೆಳುವಾಗಿರುತ್ತದೆ, ನಡುವಿನ ದಾರಿ ತೆರೆದಿರುತ್ತದೆ.

ಬೀಳಿನಲ್ಲಿ ಬೆಳೆ ಬಂದ ಮೇಲೆ ಆಗುವುದೇ ಆಯಿತು. 1924ರ ಜುಲೈಯಲ್ಲಿ ಅಮೆರಿಕದ ಹವ್ಯಾಸಿಗಳಿಗೆ 80, 40, 20 ಮೀಟರಿನ ಪಟ್ಟಿಗಳು ಸಿಕ್ಕಿದ್ದವು. 1927ರಲ್ಲಿ, ದೌಂಡ್ ಶುರುವಾದ ವರ್ಷವೇ, ವಾಷಿಂಗ್ಟನ್ನಿನಲ್ಲಿ ದೇಶಗಳೆಲ್ಲ ಸೇರಿ ಶಾರ್ಟ್‌ವೇವ್ ಹಂಚಿಕೊಂಡವು. ಬಹುಪಾಲು ಸರಕಾರಗಳಿಗೆ, ಕಂಪನಿಗಳಿಗೆ, ಪ್ರಸಾರಕ್ಕೆ ಹೋಯಿತು. ಕಂಡುಹಿಡಿದವರಿಗೆ ಅಲ್ಲಲ್ಲಿ ಕಿರಿದಾದ ತುಂಡುಗಳು ಉಳಿದವು. ಅದು ಅನ್ಯಾಯವೆಂದೇ ನನ್ನ ಎಣಿಕೆ. ಆದರೂ ಆ ತುಂಡುಗಳನ್ನು ಹೋರಾಡಿ ಉಳಿಸಿಕೊಂಡದ್ದರಿಂದಲೇ ಇಂದಿಗೂ 40 ಮತ್ತು 20 ಮೀಟರ್ ಹವ್ಯಾಸಿಗಳ ಕೈಯಲ್ಲಿವೆ.

ಮಿಲ್ ಹಿಲ್ ಶಾಲೆಯ ಹುಡುಗನ ಕತೆ ಅಲ್ಲಿಗೆ ಮುಗಿಯಲಿಲ್ಲ. ಆತ ಎಂಜಿನಿಯರ್ ಆದ, ಮತ್ತು 1936ರಲ್ಲಿ ಭಾರತಕ್ಕೆ ಬಂದ. ಆ ವರ್ಷವಷ್ಟೇ ಆಲ್ ಇಂಡಿಯಾ ರೇಡಿಯೊ ಎಂಬ ಹೆಸರು ಪಡೆದ ಸಂಸ್ಥೆಯ ಮುಖ್ಯ ಎಂಜಿನಿಯರ್ ಸಿ. ಡಬ್ಲ್ಯು. ಗಾಯ್ಡರ್ ಎಂದರೆ ಅದೇ ಸೆಸಿಲ್. ದೇಶ ದೊಡ್ಡದು, ಹಣ ಸಾಲದು. ಮೀಡಿಯಂ ವೇವ್ ಕೇಂದ್ರ ಕಟ್ಟಿದರೆ ಊರಿನ ಸುತ್ತಮುತ್ತಲಿಗೆ ಮಾತ್ರ ಚೆನ್ನಾಗಿ ಕೇಳುತ್ತದೆ. ಬೇಸಿಗೆಯ ಗುಡುಗುಸಿಡಿಲಿನ ಗದ್ದಲ ಬೇರೆ. ಶಾರ್ಟ್‌ವೇವ್ ಆದರೆ ಕೆಲವೇ ಕೇಂದ್ರಗಳಿಂದ ಇಡೀ ದೇಶವನ್ನು ಮುಟ್ಟಬಹುದು. ಗಾಯ್ಡರ್ ಅದನ್ನೇ ಹಿಡಿದ. 1937ರ ಡಿಸೆಂಬರಿನಲ್ಲಿ ದೆಹಲಿಯ ಶಾರ್ಟ್‌ವೇವ್ ಶುರುವಾಯಿತು, 1938ರಲ್ಲಿ ಮುಂಬಯಿ, ಕಲ್ಕತ್ತೆ, ಮದರಾಸು. ಸೊಲ್ಲಾಪುರ ಆಗ ಧಾರವಾಡ, ವಿಜಾಪುರಗಳಂತೆಯೇ ಮುಂಬಯಿ ಪ್ರಾಂತ್ಯದಲ್ಲಿತ್ತು. ಧಾರವಾಡದಲ್ಲಿ ಆಕಾಶವಾಣಿ ತೆರೆದದ್ದು 1950ರಲ್ಲಿ, ಕಲಬುರಗಿಯಲ್ಲಿ 1966ರಲ್ಲಿ. ಅದಕ್ಕೂ ಎಷ್ಟೋ ಮೊದಲು ಈ ಭಾಗಕ್ಕೆ ರೇಡಿಯೊ ದನಿ ತಲುಪುವಂತಾದದ್ದು, 1924ರ ಒಂದು ಬೆಳಗಿನಲ್ಲಿ ನ್ಯೂಜಿಲೆಂಡಿನ ಕುರಿಗಾರನಿಗೆ ಉತ್ತರ ಕೊಟ್ಟ ಕೈಯ ಯೋಜನೆಯಿಂದ. ಈ ಸಂಗತಿ ನಮ್ಮ ಪ್ರಸಾರದ ಚರಿತ್ರೆ ಹೇಳುವವರ ಬಾಯಲ್ಲಿ ಇನ್ನೂ ಹೆಚ್ಚು ಬರಬೇಕು.

ಅದೇ ಆಕಾಶ ಇನ್ನೊಂದು ಕಡೆಯವರಿಗೂ ಒದಗಿತು. 1939ರಲ್ಲಿ ಯುದ್ಧ ಶುರುವಾದಾಗ ಸರಕಾರ ಹವ್ಯಾಸಿಗಳ ಪರವಾನಗಿಗಳನ್ನು ರದ್ದು ಮಾಡಿತು. 1942ರ ಕ್ವಿಟ್ ಇಂಡಿಯಾ ಚಳವಳಿಯ ದಿನಗಳಲ್ಲಿ ಮುಂಬಯಿಯಲ್ಲಿ ಉಷಾ ಮೆಹತಾ ಮತ್ತು ಗೆಳೆಯರು ಗುಪ್ತ ಕಾಂಗ್ರೆಸ್ ರೇಡಿಯೊ ನಡೆಸಿದ್ದು 42.34 ಮೀಟರಿನಲ್ಲಿ, ಹವ್ಯಾಸಿಗಳು ಪಳಗಿದ್ದ ಪಟ್ಟಿಯ ನೆರೆಯಲ್ಲೇ. ಅದರ ಯಂತ್ರ ಕೂಡಿಸಿದ ನರಿಮನ್ ಪ್ರಿಂಟರ್ ಆ ಹವ್ಯಾಸದಿಂದಲೇ ಬಂದವರು. ಮನೆಯಿಂದ ಮನೆಗೆ ಯಂತ್ರ ಸಾಗಿಸುತ್ತ, ಆಗಸ್ಟಿನಿಂದ ನವೆಂಬರಿನಲ್ಲಿ ಸಿಕ್ಕಿಬೀಳುವವರೆಗೆ, ದೇಶಕ್ಕೆ ಸೆನ್ಸಾರ್ ಆಗದ ಸುದ್ದಿ ಕೊಟ್ಟರು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಹವ್ಯಾಸಿಗಳ ರಾಷ್ಟ್ರೀಯ ಸಂಘ ಮಹೂವಿನಲ್ಲಿ ಹುಟ್ಟಿತು. 1959ರಲ್ಲಿ ಬೆಂಗಳೂರಿನ ಕ್ಲಬ್ಬು.

ಸೊಲ್ಲಾಪುರ ಭಾಗದಲ್ಲಿ ಈ ಹವ್ಯಾಸದ ಬೆಲೆ ಜನಕ್ಕೆ ತಿಳಿದದ್ದು ದುಃಖದ ಸಂದರ್ಭದಲ್ಲಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶನನ್ನು ಕಳಿಸಿ ಮಲಗಿದ ಊರುಗಳ ಮೇಲೆ ಕಿಲ್ಲಾರಿಯ ಭೂಕಂಪ ಬಂತು. ಅಕ್ಕಲಕೋಟೆಯಿಂದ ಕಿಲ್ಲಾರಿ ಕೂಡ ಸುಮಾರು 70 ಕಿಲೋಮೀಟರ್. ಲಾತೂರ, ಉಸ್ಮಾನಾಬಾದ ಜಿಲ್ಲೆಗಳ ಕಲ್ಲುಮಣ್ಣಿನ ಮನೆಗಳಡಿ ಸಾವಿರಾರು ಜನ ಸತ್ತರು. ನೊಂದ ಆ ಪ್ರದೇಶಕ್ಕೆ ಹ್ಯಾಮ್‌ಗಳು ತಮ್ಮ ಸೆಟ್ಟು, ಬ್ಯಾಟರಿ ಹೊತ್ತು ಬಂದು ಸಂದೇಶ ದಾಟಿಸುವ ಕೆಲಸಕ್ಕೆ ಕೂತರು. ತಗ್ಗಿನಲ್ಲಿ ಕಟ್ಟಿದ 40 ಮೀಟರಿನ ತಂತಿ, ನೇರ ಮೇಲೇರಿ ಸುತ್ತಲ ಜಿಲ್ಲೆಗಳಲ್ಲಿ ಇಳಿಯುವ ಅಲೆ, ಇವಕ್ಕೆ ಟವರೂ ಬೇಡ, ಎಕ್ಸ್‌ಚೇಂಜೂ ಬೇಡ. ಮೊಬೈಲ್ ಇರುವ ಈ ಕಾಲದಲ್ಲಿ ಹ್ಯಾಮ್ ಏಕೆ ಎಂದು ಕೇಳುವವರಿಗೆ ನಾನು ಕೊಡುವ ಉತ್ತರ ಕಿಲ್ಲಾರಿಯೇ.

ಕಂಡುಹಿಡಿಯುವುದು 1924ಕ್ಕೆ ಮುಗಿಯಲಿಲ್ಲ. 1947ರಲ್ಲಿ, 50 ಮೆಗಾಹರ್ಟ್ಸ್‌ನ ಅಲೆಗಳು ಅಷ್ಟು ದೂರ ಬಾಗಲಾರವು ಎಂದು ತಜ್ಞರು ಮತ್ತೆ ನಂಬಿದ್ದಾಗ, ಭೂಮಿಯ ಕಾಂತೀಯ ಸಮಭಾಜಕದ ಎರಡೂ ಕಡೆಯ ಹವ್ಯಾಸಿಗಳು ಸಂಜೆಯ ಹೊತ್ತು ಒಬ್ಬರನ್ನೊಬ್ಬರು ಕೇಳಿಸಿಕೊಂಡರು. ಆ ಕಾಂತೀಯ ಸಮಭಾಜಕ ಭಾರತದ ದಕ್ಷಿಣ ತುದಿಯ ಬಳಿ ಹಾಯುತ್ತದೆ, 1963ರಲ್ಲಿ ತುಂಬಾದಿಂದ ಮೊದಲ ರಾಕೆಟ್ ಹಾರಿಸಲು ಅದೇ ಕಾರಣ. ಬೆಂಗಳೂರಿನಲ್ಲಿ ಇಸ್ರೊ ಕಟ್ಟಿದ 42.5 ಕಿಲೋದ ಹ್ಯಾಮ್‌ಸ್ಯಾಟ್ ಉಪಗ್ರಹ 2005ರ ಮೇ 5ರಂದು ಮೇಲೇರಿ 2014ರವರೆಗೆ ಜಗತ್ತಿನ ಹವ್ಯಾಸಿಗಳ ಮಾತನ್ನು ದಾಟಿಸಿತು. ಅದರ ಎರಡು ಟ್ರಾನ್ಸ್‌ಪಾಂಡರ್‌ಗಳಲ್ಲಿ ಒಂದನ್ನು ಕಟ್ಟಿದವನು ನೆದರ್ಲೆಂಡ್ಸಿನ ಒಬ್ಬ ವಿದ್ಯಾರ್ಥಿ ಹವ್ಯಾಸಿ. 2025ರ ಜುಲೈಯಲ್ಲಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣದಿಂದ ನಮ್ಮ ಮಕ್ಕಳೊಂದಿಗೆ ಹ್ಯಾಮ್ ರೇಡಿಯೊದಲ್ಲಿಯೇ ಮಾತಾಡಿದರು. ನಿಲ್ದಾಣ ನೆತ್ತಿಯ ಮೇಲೆ ಹಾಯುವಾಗ 145.8 ಮೆಗಾಹರ್ಟ್ಸ್‌ನಲ್ಲಿ ಬರುವ ಆ ದನಿಯನ್ನು ಕೇಳಲು ಕೈಯಲ್ಲಿ ಹಿಡಿಯುವ ಒಂದು ರಿಸೀವರ್ ಸಾಕು. ಮಾತಾಡಲು ಪರವಾನಗಿ ಬೇಕು. 12 ವರ್ಷ ತುಂಬಿದ ಯಾರಾದರೂ ಕೇಂದ್ರ ಸರಕಾರದ ಪರೀಕ್ಷೆ ಬರೆದು ಪಡೆಯಬಹುದು.

ಅಮೆರಿಕದಲ್ಲಿ 2017 ಮತ್ತು 2024ರ ಸೂರ್ಯಗ್ರಹಣಗಳ ಹೊತ್ತಿಗೆ ಸಾವಿರಾರು ಹವ್ಯಾಸಿಗಳು ತಮ್ಮ ಪಾಡಿಗೆ ಮಾತಾಡುತ್ತ, ಕೇಳಿಸಿದ್ದನ್ನೆಲ್ಲ ದಾಖಲಿಸಿ ವಿಜ್ಞಾನಿಗಳಿಗೆ ಕೊಟ್ಟರು. ಚಂದ್ರನ ನೆರಳು ಹಾಯುವಾಗ ಹೀರುವ ಪದರ ಎಷ್ಟು ಬೇಗ ಕರಗುತ್ತದೆ, ಎಷ್ಟು ಬೇಗ ಮರಳುತ್ತದೆ ಎಂಬುದಕ್ಕೆ ಅಷ್ಟು ಜಾಗಗಳಿಂದ ಅಳತೆ ಇನ್ನಾರಿಂದಲೂ ಸಾಧ್ಯವಿರಲಿಲ್ಲ. ಅಂಥ ಅವಕಾಶ ನಮ್ಮ ಹತ್ತಿರಕ್ಕೂ ಬರಲಿದೆ. 2027ರ ಆಗಸ್ಟ್ 2ರ ಪೂರ್ಣ ಗ್ರಹಣದ ನೆರಳು ಉತ್ತರ ಆಫ್ರಿಕ, ಸೌದಿ ಅರೇಬಿಯ, ಯೆಮನ್ ದಾಟಿ ಹಿಂದೂ ಮಹಾಸಾಗರಕ್ಕೆ ಇಳಿಯುತ್ತದೆ. ಸೊಲ್ಲಾಪುರದಲ್ಲಿ ಇಳಿಹೊತ್ತಿಗೆ ಪಾರ್ಶ್ವಗ್ರಹಣ ಕಾಣಬೇಕು. ಕೊಲ್ಲಿಯ ಕಡೆಯ ಕೇಂದ್ರಗಳ ಅಲೆ ನಮ್ಮ ಕಡೆ ಬರುವ ದಾರಿಯ ಮೇಲೂ ಪಾರ್ಶ್ವಗ್ರಹಣದ ನೆರಳು ಬೀಳುತ್ತದೆ. ಅಂದು ಮಧ್ಯಾಹ್ನ ಮೂರರಿಂದ ಸಂಜೆ ಆರರವರೆಗೆ 7 ಮೆಗಾಹರ್ಟ್ಸ್ ಆಸುಪಾಸಿನ ಒಂದು ಪಶ್ಚಿಮದ ಕೇಂದ್ರವನ್ನು ಹಿಡಿದು, ಐದು ನಿಮಿಷಕ್ಕೊಮ್ಮೆ ಸಂಕೇತದ ಬಲವನ್ನು ಗಡಿಯಾರದ ಸಮಯದೊಂದಿಗೆ ಬರೆದಿಡಬೇಕು. ಹಿಂದಿನ ಎರಡು ದಿನ, ಮುಂದಿನ ಎರಡು ದಿನ ಅದೇ ಹೊತ್ತಿಗೆ ಅದೇ ಕೇಂದ್ರವನ್ನು ಅದೇ ತಂತಿಯಿಂದ ಕೇಳಿ ಬರೆದರೆ ಹೋಲಿಸಲು ಆಧಾರ ಸಿಗುತ್ತದೆ. ಆಗಸ್ಟ್ ಎಂದರೆ ಮಳೆಗಾಲ, ಮೋಡವಿದ್ದು ಸೂರ್ಯ ಕಾಣದಿದ್ದರೂ ಈ ಅಳತೆಗೆ ಅಡ್ಡಿಯಿಲ್ಲ.